ಏರುದಾರಿಯಲ್ಲಿ ಸ್ವಯಂಚಾಲಿತ ಸ್ಕೂಟರ್: ಕ್ಲಚ್ಚು-ಗೇರುಗಳ ಹೊಂದಾಣಿಕೆಯ ವಿಚಾರ

ನಮ್ಮ ಚಿತ್ರದುರ್ಗ ಜಿಲ್ಲೆಯನ್ನು ಬಯಲುಸೀಮೆಯೆಂದು ಕರೆಯುವುದು ರೂಢಿ. ಆದರೆ ಇಲ್ಲಿಯ ರಸ್ತೆಗಳಲ್ಲಿ ದಿನವೂ ಸಂಚರಿಸುವವರಿಗೆ ಆ ಮಾತು ಅರ್ಧಸತ್ಯವೆಂಬುದು ತಿಳಿದಿದೆ. ಚಿನ್ಮೂಲಾದ್ರಿಯ ಬೆಟ್ಟಸಾಲು ಜಿಲ್ಲೆಯ ನಡುವೆ ಹಾದುಹೋಗಿದೆ. ದುರ್ಗದ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಅದರ ಮಗ್ಗುಲಿನ ಜೋಗಿಮಟ್ಟಿಯ ಎತ್ತರ ಸುಮಾರು 3,800 ಅಡಿ. ಹಿರಿಯೂರಿನ ಮಾರಿಕಣಿವೆಯ ಕಡೆಯಾಗಲಿ, ಹೊಸದುರ್ಗ-ಹೊಳಲ್ಕೆರೆಗಳ ಗುಡ್ಡದ ಬದಿಯ ಹಳ್ಳಿಗಳ ಕಡೆಯಾಗಲಿ, ಏರು-ಇಳಿವುಗಳಿಲ್ಲದ ದಾರಿ ಅಪರೂಪ. ಇಂತಹ ದಾರಿಗಳಲ್ಲಿ ಹಿಂದೆ ಎತ್ತಿನ ಗಾಡಿ ಹೊರುತ್ತಿದ್ದ ಹೊರೆಯ ಒಂದು ದೊಡ್ಡ ಪಾಲನ್ನು ಇಂದು ಹೊರುತ್ತಿರುವುದು ಗೇರಿಲ್ಲದ ಸ್ಕೂಟರ್. ತೆಂಗಿನಕಾಯಿಯ ಚೀಲ, ಹಾಲಿನ ಕ್ಯಾನು, ಸೇವಂತಿಗೆಯ ಬುಟ್ಟಿ, ಅಡಿಕೆಯ ಮೂಟೆ ಇವೆಲ್ಲವೂ ಅದರ ಮೇಲೆಯೇ ಸಾಗುತ್ತವೆ. ಹಳ್ಳಿಯ ಶಾಲೆಗೆ ಹೋಗುವ ಉಪಾಧ್ಯಾಯಿನಿಯರಿಗೂ, ಪಟ್ಟಣದ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೂ ಅದೇ ವಾಹನ.

ಇಷ್ಟು ನೆಚ್ಚಿಕೊಂಡಿರುವ ಯಂತ್ರದ ಒಳಗುಟ್ಟು ಮಾತ್ರ ನಮ್ಮಲ್ಲಿ ಬಹುಮಂದಿಗೆ ಅಪರಿಚಿತವಾಗಿಯೇ ಉಳಿದಿದೆ. ಗಾಡಿ ಏರಿನಲ್ಲಿ ಸೋತರೆ "ಪಿಕಪ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಅನೇಕ ವೇಳೆ ದೋಷವಿರುವುದು ಎಂಜಿನಿನಲ್ಲಲ್ಲ. ಎಂಜಿನಿನ ಶಕ್ತಿಯನ್ನು ಗಾಲಿಗೆ ಒಯ್ಯುವ ಕ್ಲಚ್ಚು ಮತ್ತು ಗೇರುಗಳ ಹೊಂದಾಣಿಕೆಯಲ್ಲಿ. ಈ ಭೇದವನ್ನರಿಯದೆ ಬಡ ಕುಟುಂಬಗಳು ಕಳೆದುಕೊಳ್ಳುವ ಹಣ ಅಲ್ಪವಲ್ಲ. ಇಳಿಜಾರಿನಲ್ಲಿ ಈ ಯಂತ್ರದ ಸ್ವಭಾವವನ್ನು ತಿಳಿಯದವರು ಒಡ್ಡಿಕೊಳ್ಳುವ ಅಪಾಯವಂತೂ ಹಣದಿಂದ ಅಳೆಯುವಂಥದಲ್ಲ. ಆದ್ದರಿಂದ ಈ ವಿಷಯವನ್ನು ವಾಚಕರ ಮುಂದೆ ಕೊಂಚ ವಿವರವಾಗಿ ಇಡಬಯಸುತ್ತೇನೆ.

ಎಂಜಿನಿನ ಸ್ವಭಾವ

ಪೆಟ್ರೋಲ್ ಎಂಜಿನ್ ಎತ್ತಿನಂತಲ್ಲ. ಎತ್ತು ನಿಂತ ನಿಲುವಿನಲ್ಲಿಯೇ ತನ್ನ ಪೂರ್ಣ ಬಲವನ್ನು ನೊಗಕ್ಕೆ ಕೊಡಬಲ್ಲದು. ಎಂಜಿನಿಗೆ ಬಲ ಬರುವುದು ಅದು ತಿರುಗುತ್ತಿರುವಾಗ ಮಾತ್ರ. ಅದೂ ಒಂದು ನಿಶ್ಚಿತ ವೇಗದ ಆಸುಪಾಸಿನಲ್ಲಿ. ಸುಮಾರು 110 ಘನ ಸೆಂಟಿಮೀಟರ್ ಗಾತ್ರದ ಸಾಮಾನ್ಯ ಸ್ಕೂಟರ್ ಎಂಜಿನ್ ನಿಮಿಷಕ್ಕೆ ಸುಮಾರು 5,500 ಸುತ್ತು ತಿರುಗುವಾಗ ಅದರ ತಿರುಗುಬಲ ಅತ್ಯಧಿಕವಾಗಿರುತ್ತದೆ. ಮೆಕ್ಯಾನಿಕರು ಟಾರ್ಕ್ ಎನ್ನುವುದು ಇದನ್ನೇ. ಅದರ ಪ್ರಮಾಣ 8ರಿಂದ 9 ನ್ಯೂಟನ್-ಮೀಟರಿನಷ್ಟು. ಸುತ್ತು ಇನ್ನೂ ಏರಿ 7,500-8,000ಕ್ಕೆ ಬಂದಾಗ ಒಟ್ಟು ಶಕ್ತಿ ಅತ್ಯಧಿಕವಾಗುತ್ತದೆ. ಅದು ಸುಮಾರು 8 ಅಶ್ವಶಕ್ತಿ. ಸುತ್ತು 2,000ಕ್ಕೆ ಇಳಿದರೆ ಅದೇ ಎಂಜಿನ್ ನಿಶ್ಶಕ್ತವಾಗಿ ನರಳುತ್ತದೆ.

ಗಾಲಿಯಾದರೋ ನಿಂತಲ್ಲಿಂದ ಹೊರಡಬೇಕು, ನಿಧಾನವಾಗಿ ಏರಬೇಕು, ಸಮತಟ್ಟಿನಲ್ಲಿ ವೇಗವಾಗಿ ಓಡಬೇಕು. ಒಂದೇ ಹದದ ಸುತ್ತಿನಲ್ಲಿ ಇರಬಯಸುವ ಎಂಜಿನಿಗೂ ಕ್ಷಣಕ್ಷಣಕ್ಕೆ ವೇಗ ಬದಲಿಸಬೇಕಾದ ಗಾಲಿಗೂ ನಡುವೆ ಮಧ್ಯಸ್ಥನೊಬ್ಬ ಬೇಕು. ಆ ಮಧ್ಯಸ್ಥನೇ ಗೇರು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ನಾಲ್ಕು ಗೇರುಗಳಿದ್ದುವು. ಎಡಗೈಯಿಂದ ಕ್ಲಚ್ಚು ಹಿಡಿದು ಹಿಡಿಯನ್ನು ತಿರುಗಿಸಿ ಅವನ್ನು ಬದಲಾಯಿಸಬೇಕಾಗಿತ್ತು. ಏರು ಬಂತೆಂದರೆ ಸವಾರನ ಕಿವಿ ಎಂಜಿನಿನ ನರಳಾಟವನ್ನು ಕೇಳುತ್ತಿತ್ತು, ಕೈ ಗೇರನ್ನು ಇಳಿಸುತ್ತಿತ್ತು. ವಿವೇಚನೆ ಮನುಷ್ಯನದಾಗಿತ್ತು. 1980ರ ದಶಕದ ನಡುವಿನಲ್ಲಿ ಕೈನೆಟಿಕ್ ಹೋಂಡಾ ನಮ್ಮ ದೇಶದ ರಸ್ತೆಗೆ ಬಂದಾಗ ಆ ವಿವೇಚನೆಯನ್ನು ಒಂದು ಬೆಲ್ಟು, ನಾಲ್ಕು ತಟ್ಟೆ, ಕೆಲವು ರೋಲರು ಮತ್ತು ಒಂದು ಸ್ಪ್ರಿಂಗಿಗೆ ಒಪ್ಪಿಸಲಾಯಿತು. ಇಂದು ಓಡುತ್ತಿರುವ ಆಕ್ಟಿವಾ, ಜ್ಯುಪಿಟರ್ ಮುಂತಾದ ಪೆಟ್ರೋಲ್ ಸ್ಕೂಟರುಗಳೆಲ್ಲವೂ ಅದೇ ಪದ್ಧತಿಯವು.

ಈ ಪದ್ಧತಿ ಸ್ಕೂಟರಿಗಾಗಿಯೇ ಹುಟ್ಟಿದ್ದಲ್ಲ. ಹಾಲೆಂಡಿನ ಹಬ್ ವಾನ್ ಡೋರ್ನೆ ಎಂಬ ಯಂತ್ರಜ್ಞ 1958ರಲ್ಲಿ ಡಾಫ್ ಎಂಬ ಪುಟ್ಟ ಕಾರಿನಲ್ಲಿ ಬೆಲ್ಟಿನ ಮೆಟ್ಟಿಲಿಲ್ಲದ ಗೇರನ್ನು ಅಳವಡಿಸಿ ಪ್ರಸಿದ್ಧನಾದನು. ಕೆನಡಾ ದೇಶದ ಹಿಮಗಾಡಿಗಳಲ್ಲಿಯೂ ಇದೇ ತತ್ತ್ವವಿದೆ. ಆ ವಿಚಾರ ಮುಂದೆ ಬರುತ್ತದೆ.

ಶಂಕುತಟ್ಟೆಗಳ ಕಾರ್ಯವಿಧಾನ

ಸ್ಕೂಟರಿನ ಎಡಬದಿಯ ಉದ್ದನೆಯ ಮುಚ್ಚಳವನ್ನು ತೆಗೆದರೆ ಎರಡು ರಾಟೆಗಳೂ ಅವುಗಳನ್ನು ಸುತ್ತಿದ ಅಗಲವಾದ ರಬ್ಬರ್ ಬೆಲ್ಟೂ ಕಾಣುತ್ತವೆ. ಪ್ರತಿಯೊಂದು ರಾಟೆಯೂ ಎದುರುಬದುರಾಗಿ ಕುಳಿತ ಎರಡು ಶಂಕುವಿನಾಕಾರದ ತಟ್ಟೆಗಳಿಂದಾಗಿದೆ. ಒಂದು ತಟ್ಟೆ ಸ್ಥಿರ. ಇನ್ನೊಂದು ಅಕ್ಷದ ಮೇಲೆ ಜಾರಬಲ್ಲದು. ತಟ್ಟೆಗಳು ದೂರ ಸರಿದರೆ ಬೆಲ್ಟು ಒಳಕ್ಕಿಳಿದು ಚಿಕ್ಕ ರಾಟೆಯಾಗುತ್ತದೆ. ಹತ್ತಿರ ಬಂದರೆ ಬೆಲ್ಟು ಅಂಚಿಗೇರಿ ದೊಡ್ಡ ರಾಟೆಯಾಗುತ್ತದೆ. ಬೆಲ್ಟಿನ ಉದ್ದ ಬದಲಾಗದ ಕಾರಣ ಮುಂದಿನ ರಾಟೆ ಹಿಗ್ಗಿದಾಗ ಹಿಂದಿನದು ಕುಗ್ಗಲೇಬೇಕು.

ಮುಂದಿನ ರಾಟೆ ಎಂಜಿನಿನ ಅಕ್ಷದ ಮೇಲಿದೆ. ಅದರ ಜಾರುವ ತಟ್ಟೆಯ ಬೆನ್ನಿನಲ್ಲಿ ಇಳಿಜಾರಾದ ಕಾಲುವೆಗಳಿದ್ದು, ಅವುಗಳಲ್ಲಿ ಸಾಮಾನ್ಯವಾಗಿ ಆರು ರೋಲರುಗಳಿರುತ್ತವೆ. ಎಂಜಿನಿನ ಸುತ್ತು ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ಈ ರೋಲರುಗಳು ಹೊರಕ್ಕೆ ಉರುಳಿ, ಇಳಿಜಾರನ್ನು ಹತ್ತುತ್ತ, ತಟ್ಟೆಯನ್ನು ಒತ್ತುತ್ತವೆ. ಬೆಲ್ಟು ಅಂಚಿಗೇರುತ್ತದೆ, ಗೇರು ಏರಿದಂತಾಗುತ್ತದೆ.

ಹಿಂದಿನ ರಾಟೆಯಲ್ಲಿ ಇದಕ್ಕೆ ಪ್ರತಿಪಕ್ಷವಿದೆ. ಒಂದು ಬಲವಾದ ಸ್ಪ್ರಿಂಗು ಆ ತಟ್ಟೆಗಳನ್ನು ಸದಾ ಹತ್ತಿರಕ್ಕೆ ಒತ್ತುತ್ತಿರುತ್ತದೆ. ಅದರೊಂದಿಗೆ ಓರೆಯಾಗಿ ಕೊರೆದ ಸೀಳುಗಳೂ ಅವುಗಳಲ್ಲಿ ಜಾರುವ ಪಿನ್ನುಗಳೂ ಇವೆ. ಏರು ಬಂದು ಗಾಲಿಯ ಮೇಲೆ ಭಾರ ಹೆಚ್ಚಿದಾಗ ಬೆಲ್ಟು ಜಾರುತಟ್ಟೆಯನ್ನು ತಿರುಚಲು ಯತ್ನಿಸುತ್ತದೆ. ಓರೆಸೀಳು ಆ ತಿರುಚುವಿಕೆಯನ್ನು ಒತ್ತುವಿಕೆಯಾಗಿ ಪರಿವರ್ತಿಸಿ ತಟ್ಟೆಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹಿಂದಿನ ರಾಟೆ ದೊಡ್ಡದಾಗುತ್ತದೆ, ಮುಂದಿನದು ಚಿಕ್ಕದಾಗುತ್ತದೆ. ಅಂದರೆ ಯಂತ್ರ ತಾನಾಗಿಯೇ ಗೇರನ್ನು ಇಳಿಸಿಕೊಂಡಿತು. ಮುಂದಿನ ರೋಲರುಗಳು ಎಂಜಿನಿನ ಸುತ್ತನ್ನು ಅಳೆಯುತ್ತವೆ, ಹಿಂದಿನ ಸೀಳುಗಳು ದಾರಿಯ ಭಾರವನ್ನು ಅಳೆಯುತ್ತವೆ. ಇವೆರಡರ ಜಗ್ಗಾಟದಲ್ಲಿ ಬೆಲ್ಟು ಎಲ್ಲಿ ನೆಲೆ ನಿಲ್ಲುವುದೋ ಅದೇ ಆ ಕ್ಷಣದ ಗೇರು.

ಹಿಂದಿನ ರಾಟೆಗೆ ಅಂಟಿಕೊಂಡಂತೆ ಕೇಂದ್ರಾಪಗಾಮಿ ಕ್ಲಚ್ಚು ಇದೆ. ಮೂರು ಶೂಗಳು ಚಿಕ್ಕ ಸ್ಪ್ರಿಂಗುಗಳಿಂದ ಒಳಕ್ಕೆ ಹಿಡಿಯಲ್ಪಟ್ಟಿರುತ್ತವೆ. ಎಂಜಿನ್ ಸುಮಾರು 2,500ರಿಂದ 3,000 ಸುತ್ತಿಗೆ ಬಂದಾಗ ಅವು ಹೊರಚಿಮ್ಮಿ ಬಟ್ಟಲಿನಾಕಾರದ ಡ್ರಮ್ಮನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ಡ್ರಮ್ಮಿನಿಂದಾಚೆ ಎಣ್ಣೆಯ ಪೆಟ್ಟಿಗೆಯೊಳಗೆ ಹಲ್ಲುಚಕ್ರಗಳ ಸ್ಥಿರವಾದ ಗೇರು ಒಂದಿದ್ದು, ಅದು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸಿ ಗಾಲಿಗೆ ಒಪ್ಪಿಸುತ್ತದೆ.

ಒಂದು ಲೆಕ್ಕ

ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇದನ್ನು ಪರೀಕ್ಷಿಸಿ ನೋಡಬಹುದು. ಸ್ಕೂಟರು, ಸವಾರ, ಹಿಂದೆ ಕುಳಿತವರು ಹಾಗೂ ಒಂದಿಷ್ಟು ಸಾಮಾನು ಸೇರಿ 240 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಈ ಭಾರವನ್ನು ಎಳೆಯಲು ಸುಮಾರು 235 ನ್ಯೂಟನ್ ಬಲ ಬೇಕು. ಟೈರಿನ ಉರುಳುಘರ್ಷಣೆಗೆ ಇನ್ನೊಂದು 35. ಒಟ್ಟು 270 ನ್ಯೂಟನ್. ಗಾಲಿಯ ತ್ರಿಜ್ಯ 0.21 ಮೀಟರ್ ಎಂದರೆ ಗಾಲಿಯ ಅಕ್ಷದಲ್ಲಿ ಬೇಕಾದ ತಿರುಗುಬಲ ಸುಮಾರು 57 ನ್ಯೂಟನ್-ಮೀಟರ್.

ಎಂಜಿನ್ 8 ನ್ಯೂಟನ್-ಮೀಟರ್ ಕೊಡುತ್ತಿದೆ. ಹಿಂಬದಿಯ ಸ್ಥಿರ ಗೇರಿನ ಪ್ರಮಾಣ 9. ಬೆಲ್ಟಿನಲ್ಲಿಯೂ ಹಲ್ಲುಗಳಲ್ಲಿಯೂ ಕಾಲುಭಾಗ ನಷ್ಟವಾಗುತ್ತದೆ ಎಂದು ಭಾವಿಸೋಣ. ಬೆಲ್ಟಿನ ಪ್ರಮಾಣ ಸುಮಾರು 2.5ರಿಂದ 0.8ರವರೆಗೆ ಬದಲಾಗಬಲ್ಲದು. ಬೆಲ್ಟು ಅತ್ಯಂತ ಕೆಳಗೇರಿನಲ್ಲಿದ್ದಾಗ ಗಾಲಿಗೆ ದೊರೆಯುವುದು 8 × 9 × 2.5 × 0.75, ಅಂದರೆ 135 ನ್ಯೂಟನ್-ಮೀಟರ್. ಅಗತ್ಯದ ಎರಡರಷ್ಟಕ್ಕಿಂತ ಹೆಚ್ಚು. ಅದೇ ಬೆಲ್ಟು ಮೇಲುಗೇರಿನಲ್ಲಿ ನಿಂತುಬಿಟ್ಟರೆ ದೊರೆಯುವುದು 43 ಮಾತ್ರ. ಗಾಡಿ ಸೋಲುತ್ತದೆ, ಸುತ್ತು ಇಳಿಯುತ್ತದೆ, ಸುತ್ತು ಇಳಿದಂತೆ ಬಲವೂ ಇಳಿಯುತ್ತದೆ.

ಎರಡೂ ಸಂದರ್ಭಗಳಲ್ಲಿ ಎಂಜಿನ್ ಒಂದೇ, ಪೆಟ್ರೋಲ್ ಒಂದೇ, ದಾರಿಯೂ ಒಂದೇ. ಗೆಲುವು-ಸೋಲುಗಳ ವ್ಯತ್ಯಾಸವಿರುವುದು ಬೆಲ್ಟು ತಟ್ಟೆಯ ಮೇಲೆ ಎಲ್ಲಿ ಕುಳಿತಿದೆ ಎಂಬುದರಲ್ಲಿ. ಈ ಒಂದು ಅಂಶವನ್ನು ಮನಗಂಡರೆ ಎಂಜಿನ್ ಬಿಚ್ಚುವ ಅವಸರ ಎಷ್ಟೋ ಮಟ್ಟಿಗೆ ತಪ್ಪುತ್ತದೆ.

ಗಾಳಿಯ ಕೊರತೆ ಮತ್ತು ಟರ್ಬೊ

ಎಂಜಿನಿನ ಬಲವೂ ಸದಾ ಒಂದೇ ಸಮನಾಗಿರುವುದಿಲ್ಲ. ಪೆಟ್ರೋಲನ್ನು ದಹಿಸುವುದು ಗಾಳಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಚಿತ್ರದುರ್ಗದ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರತೀರಕ್ಕಿಂತ ಸುಮಾರು ಶೇಕಡಾ 8ರಷ್ಟು ಕಡಿಮೆ; ಜೋಗಿಮಟ್ಟಿಯ ಎತ್ತರದಲ್ಲಿ ಸುಮಾರು ಶೇಕಡಾ 13ರಷ್ಟು. ಬೇಸಗೆಯ ಬಿಸಿಲು ಇದಕ್ಕೆ ಸೇರುತ್ತದೆ. ಕಾದ ಗಾಳಿ ಹಿಗ್ಗಿ ಇನ್ನಷ್ಟು ಹಗುರವಾಗುತ್ತದೆ. ಉಷ್ಣತೆ 38 ಡಿಗ್ರಿ ಇರುವ ಮಧ್ಯಾಹ್ನ ದುರ್ಗದಲ್ಲಿ ಎಂಜಿನ್ ಒಂದು ಉಸಿರಿಗೆ ಒಳಗೆಳೆದುಕೊಳ್ಳುವ ಗಾಳಿಯ ತೂಕ, ಸಮುದ್ರತೀರದಲ್ಲಿ 15 ಡಿಗ್ರಿಯ ತಂಪಿನಲ್ಲಿ ಎಳೆದುಕೊಳ್ಳುವುದಕ್ಕಿಂತ ಸುಮಾರು ಶೇಕಡಾ 15ರಷ್ಟು ಕಡಿಮೆಯಾಗುತ್ತದೆ. ಬಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಮುಂಜಾನೆ ಸಲೀಸಾಗಿ ಏರಿದ ಗಾಡಿ ಏಪ್ರಿಲ್ ತಿಂಗಳ ಮಧ್ಯಾಹ್ನ ಅದೇ ಏರಿನಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ.

ಈ ಕೊರತೆಯನ್ನು ನೀಗುವ ಸಾಧನವೇ ಟರ್ಬೊಚಾರ್ಜರ್. ಹೊಗೆಯ ರಭಸದಿಂದ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದೇ ಅಕ್ಷದ ಮತ್ತೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವುದು ಅದರ ಕಾರ್ಯ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಹಿರಿಯೂರು-ಚಿತ್ರದುರ್ಗಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಏರನ್ನು ಹತ್ತುವ ಇಂದಿನ ಡೀಸೆಲ್ ಲಾರಿಗಳಲ್ಲಿ ಅದರ ಸಿಳ್ಳಿನಂತಹ ಧ್ವನಿಯನ್ನು ಯಾರೂ ಕೇಳಬಹುದು. ನಮ್ಮ ಸಾಮಾನ್ಯ ಸ್ಕೂಟರುಗಳಲ್ಲಿ ಈ ಸಾಧನವಿಲ್ಲ. ಆದ್ದರಿಂದ ಗಾಳಿಯಲ್ಲಾದ ನಷ್ಟವನ್ನು ಗೇರಿನಲ್ಲಿ ತುಂಬಿಕೊಳ್ಳುವುದೊಂದೇ ಉಳಿದ ದಾರಿ.

ಹಿಮಗಾಡಿ ಕಲಿಸುವ ಪಾಠ

ಈ ಹೊಂದಾಣಿಕೆಯ ವಿದ್ಯೆಯನ್ನು ಅತ್ಯಂತ ಸೂಕ್ಷ್ಮವಾಗಿ ಬೆಳೆಸಿದವರು ಹಿಮದ ನಾಡಿನವರು. ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್-ಆರ್ಮಂಡ್ ಬೊಂಬಾರ್ಡಿಯರ್ 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ಹಿಮಗಾಡಿಯನ್ನು ಮಾರುಕಟ್ಟೆಗೆ ತಂದನು. ಮುಂದೆ ಜಾರುಪಟ್ಟಿಗಳು, ಹಿಂದೆ ಹಲ್ಲುಗಳುಳ್ಳ ಅಗಲವಾದ ರಬ್ಬರ್ ಪಟ್ಟಿ, ಗಾಲಿಗಳಿಲ್ಲ. ನಮ್ಮ ದೇಶದಲ್ಲಿಯೂ ಗುಲ್ಮಾರ್ಗಿನ ಪ್ರವಾಸಿಗರು ಇದರ ಮೇಲೆ ಸವಾರಿ ಮಾಡುತ್ತಾರೆ. ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನ್ಯ ಇದನ್ನು ಬಳಸುತ್ತದೆ. ಸ್ನೋ-ಸ್ಕೂಟರ್ ಎಂಬ ಹೆಸರು ಅದಕ್ಕೆ ಸಾರ್ಥಕವಾದುದು. ಅದರ ಒಡಲಲ್ಲಿಯೂ ನಮ್ಮ ಸ್ಕೂಟರಿನಲ್ಲಿರುವಂತಹ ಶಂಕುತಟ್ಟೆಗಳೂ ಬೆಲ್ಟೂ ಇವೆ. ರೋಲರುಗಳ ಬದಲು ತೂಕದ ತೋಳುಗಳಿವೆ. ಹಿಂದಿನ ರಾಟೆಯಲ್ಲಿ ಓರೆಸೀಳುಗಳ ಬದಲು ಸುರುಳಿಯಾಕಾರದ ಇಳಿಜಾರಿದೆ. ಕೊನೆಯ ಗೇರು ಸರಪಳಿ ಮತ್ತು ಹಲ್ಲುಚಕ್ರಗಳದು.

ಪರ್ವತಗಳಲ್ಲಿ ಓಡುವ ಹಿಮಗಾಡಿಯ ಸಂಕಷ್ಟ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. 3,000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಸುಮಾರು ಶೇಕಡಾ 30ರಷ್ಟು ಕುಗ್ಗಿರುತ್ತದೆ. ಮೊಣಕಾಲು ಮುಳುಗುವ ಹಿಮದಲ್ಲಿ ಕಡಿದಾದ ಏರು. ತಪ್ಪಲಿನಲ್ಲಿ ಸರಿಯಾಗಿದ್ದ ತೋಳುಗಳ ತೂಕ ಅಲ್ಲಿ ಅತಿಯಾಗುತ್ತದೆ. ಎಂಜಿನ್ ತನ್ನ ಅತ್ಯಧಿಕ ಶಕ್ತಿಯ ಸುತ್ತನ್ನು ಮುಟ್ಟುವ ಮೊದಲೇ ಗೇರು ಏರಿಬಿಟ್ಟು ಗಾಡಿ ಹಿಮದಲ್ಲಿ ಹೂತುಕೊಳ್ಳುತ್ತದೆ. ಆದ್ದರಿಂದ ಎತ್ತರಕ್ಕೆ ಹೋದಂತೆ ತೂಕವನ್ನು ಇಳಿಸುವುದು ಅಲ್ಲಿಯ ಹಳೆಯ ನಿಯಮ.

ಟರ್ಬೊ ಅಳವಡಿಸಿದಾಗ ಪರಿಸ್ಥಿತಿ ತಿರುಗುಮುರುಗಾಯಿತು. ಎತ್ತರದಲ್ಲಿ ಕಳೆದುಹೋಗುತ್ತಿದ್ದ ಗಾಳಿ ಮರಳಿ ದೊರೆತು ಶಕ್ತಿ ಹೆಚ್ಚಿತು. ಈಗ ಹಗುರವಾದ ತೂಕವನ್ನೇ ಉಳಿಸಿಕೊಂಡರೆ ಎಂಜಿನಿನ ಸುತ್ತು ಹದಮೀರಿ ಏರಿ, ಶಕ್ತಿಯ ಶಿಖರವನ್ನು ದಾಟಿ ಆಚೆ ಬೀಳುತ್ತದೆ. ಅದನ್ನು ತಡೆಯಲು ತೂಕವನ್ನು ಹೆಚ್ಚಿಸಬೇಕು. ಅಷ್ಟೇ ಸಾಲದು. ಟರ್ಬೊ ಚಕ್ರ ರಭಸ ಪಡೆಯಲು ಒಂದು ಕ್ಷಣ ಬೇಕು. ಆ ಕ್ಷಣದಲ್ಲಿಯೇ ಗೇರು ಏರಿಬಿಟ್ಟರೆ ಸುತ್ತು ಕುಸಿದು, ಹೊಗೆಯ ರಭಸ ಕುಗ್ಗಿ, ಟರ್ಬೊ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಮುಂದಿನ ಸ್ಪ್ರಿಂಗನ್ನು ಬಿಗಿಯಾಗಿಟ್ಟು, ಎಂಜಿನ್ ಉಸಿರು ತುಂಬಿಕೊಳ್ಳುವವರೆಗೆ ಬೆಲ್ಟನ್ನು ಕೆಳಗೇರಿನಲ್ಲಿಯೇ ತಡೆಹಿಡಿಯುತ್ತಾರೆ.

ಹಿಮಗಾಡಿಯ ತಜ್ಞರು ಅನುಸರಿಸುವ ಕ್ರಮವೂ ಗಮನಾರ್ಹವಾದುದು. ಮೊದಲು ಸರಪಳಿಯ ಗೇರನ್ನು ಗಾಡಿ ನಿಜವಾಗಿ ಓಡುವ ವೇಗಕ್ಕೆ ಹೊಂದಿಸುತ್ತಾರೆ. ಎಂದೂ ಮುಟ್ಟದ ವೇಗಕ್ಕಾಗಿ ಎತ್ತರದ ಗೇರನ್ನು ಇಟ್ಟರೆ ಬೆಲ್ಟು ಸದಾ ತಟ್ಟೆಯ ಬುಡದಲ್ಲಿ ಹಿಂಡಿಸಿಕೊಂಡು ಕಾದು ಹರಿಯುತ್ತದೆ. ಅನಂತರ ಪೂರ್ಣ ಆಕ್ಸಿಲರೇಟರಿನಲ್ಲಿ ಎಂಜಿನ್ ಶಕ್ತಿಯ ಶಿಖರದ ಸುತ್ತಿನಲ್ಲಿಯೇ ನಿಲ್ಲುವಂತೆ ತೂಕವನ್ನು ಹೊಂದಿಸುತ್ತಾರೆ. ಮೂರನೆಯದಾಗಿ ಹೊರಡುವ ಸುತ್ತಿಗಾಗಿ ಮುಂದಿನ ಸ್ಪ್ರಿಂಗು. ಕೊನೆಯದಾಗಿ, ಭಾರ ಬಿದ್ದಾಗ ಗೇರು ಬೇಗ ಇಳಿಯುವಂತೆ ಹಿಂದಿನ ಇಳಿಜಾರು ಮತ್ತು ಸ್ಪ್ರಿಂಗು. ಒಂದು ಬಾರಿಗೆ ಒಂದೇ ಬದಲಾವಣೆ; ಅದರ ಫಲವನ್ನು ನೋಡಿದ ಮೇಲೆಯೇ ಇನ್ನೊಂದು. ಇದು ಹಿಮಗಾಡಿಗೆ ಮಾತ್ರವಲ್ಲ, ಯಾವುದೇ ಪ್ರಯೋಗಶೀಲ ವಿದ್ಯೆಗೂ ಸಲ್ಲುವ ಶಿಸ್ತು.

ನಮ್ಮ ಸ್ಕೂಟರಿಗೆ ಅನ್ವಯ

ಈ ಪಾಠವನ್ನು ನಮ್ಮ ರಸ್ತೆಗಳಿಗೆ ತರುವಾಗ ಮೊದಲು ಕಿವಿಗೆ ಕೆಲಸ ಕೊಡಬೇಕು. ಏರಿನಲ್ಲಿ ಸೋಲುವ ಗಾಡಿ ಎರಡು ಬಗೆಯ ಧ್ವನಿಗಳಲ್ಲಿ ಒಂದನ್ನು ಹೊರಡಿಸುತ್ತದೆ. ಎಂಜಿನ್ ಜೋರಾಗಿ ಅಬ್ಬರಿಸುತ್ತಿದ್ದು ಗಾಡಿ ಮಾತ್ರ ಮುಂದಕ್ಕೆ ಹೋಗದಿದ್ದರೆ ಅಲ್ಲಿ ಜಾರುವಿಕೆ ಇದೆ. ಕ್ಲಚ್ ಶೂಗಳು ಸವೆದು ಗಾಜಿನಂತೆ ನುಣುಪಾಗಿವೆ, ಇಲ್ಲವೆ ಬೆಲ್ಟು ಜಾರುತ್ತಿದೆ. ಇದಕ್ಕೆ ಪ್ರತಿಯಾಗಿ ಎಂಜಿನ್ ಕೆಳದನಿಯಲ್ಲಿ ನರಳುತ್ತ ಸುತ್ತು ಇಳಿದಿದ್ದರೆ, ಗೇರು ಇಳಿಯಬೇಕಾದಾಗ ಇಳಿಯುತ್ತಿಲ್ಲ, ಅಥವಾ ಎಂಜಿನಿಗೇ ಬಲ ಸಾಲುತ್ತಿಲ್ಲ ಎಂದರ್ಥ. ಮೊದಲನೆಯ ದೋಷಕ್ಕೆ ಎಂಜಿನ್ ಬಿಚ್ಚುವುದು ಸಂಪೂರ್ಣ ನಿರರ್ಥಕ.

ಎರಡನೆಯ ದೋಷದಲ್ಲಿಯೂ ಮೊದಲು ಸುಲಭವಾದುವನ್ನು ನೋಡಬೇಕು. ನಮ್ಮ ಕಚ್ಚಾರಸ್ತೆಗಳ ಧೂಳಿನಿಂದ ಗಾಳಿಶೋಧಕ ಕಟ್ಟಿಕೊಂಡಿರಬಹುದು. ಟೈರಿನಲ್ಲಿ ಗಾಳಿ ಕಡಿಮೆಯಿರಬಹುದು. ಬ್ರೇಕು ಗಾಲಿಯನ್ನು ಹಿಡಿದುಕೊಂಡೇ ಇರಬಹುದು. ಇವೆಲ್ಲ ಸರಿಯಿದ್ದರೆ ಎಡಬದಿಯ ಮುಚ್ಚಳವನ್ನು ತೆಗೆಸಬೇಕು.

ಅಲ್ಲಿ ಮೊದಲು ನೋಡಬೇಕಾದುದು ಬೆಲ್ಟಿನ ಅಗಲ. ಬೆಲ್ಟು ಬದಿಗಳಲ್ಲಿ ಸವೆದು ಕಿರಿದಾದರೆ ಎರಡೂ ರಾಟೆಗಳಲ್ಲಿ ಆಳಕ್ಕಿಳಿಯುತ್ತದೆ. ಹೊರಡುವಾಗ ಬಲವೂ, ಓಟದಲ್ಲಿ ವೇಗವೂ ಎರಡೂ ನಷ್ಟ. ಎಷ್ಟು ಅಗಲಕ್ಕಿಂತ ಕಡಿಮೆಯಾದರೆ ಬದಲಿಸಬೇಕೆಂಬುದನ್ನು ತಯಾರಕರು ಕೈಪಿಡಿಯಲ್ಲಿ ಸೂಚಿಸಿರುತ್ತಾರೆ. ಒಳಬದಿಯ ಹಲ್ಲುಗಳ ನಡುವೆ ಬಿರುಕು ಕಂಡರೆ ಅಗಲ ಸರಿಯಿದ್ದರೂ ಬೆಲ್ಟನ್ನು ಬದಲಿಸುವುದೇ ಲೇಸು. ಊರು ದೂರವಿರುವ ಕತ್ತಲೆಯ ದಾರಿಯಲ್ಲಿ ಬೆಲ್ಟು ಹರಿದರೆ ಗಾಡಿಯನ್ನು ತಳ್ಳುವುದರ ವಿನಾ ಬೇರೆ ಗತಿಯಿಲ್ಲ. ಎರಡನೆಯದಾಗಿ ರೋಲರುಗಳು. ದುಂಡಗಿರಬೇಕಾದ ಇವು ಕಾಲಕ್ರಮದಲ್ಲಿ ಒಂದು ಬದಿಗೆ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ರೋಲರು ಉರುಳದೆ ಕಚ್ಚಿಕೊಳ್ಳುತ್ತದೆ. ಗೇರು ಏರಬೇಕಾದಾಗ ಏರದೆ, ಇಳಿಯಬೇಕಾದಾಗ ಇಳಿಯದೆ ಗಾಡಿ ಎಗರೆಗರಿ ಹೋಗುತ್ತದೆ. ಒಂದು ಕೆಟ್ಟರೂ ಆರನ್ನೂ ಒಟ್ಟಿಗೆ ಬದಲಿಸಬೇಕು; ಇಲ್ಲದಿದ್ದರೆ ತೂಕದ ಸಮತೋಲ ತಪ್ಪುತ್ತದೆ. ಮೂರನೆಯದು ಹಿಂದಿನ ರಾಟೆಯ ಸ್ಪ್ರಿಂಗು ಮತ್ತು ಪಿನ್ನುಗಳು. ಸ್ಪ್ರಿಂಗು ಸೋತಿದ್ದರೆ, ಅಥವಾ ಗ್ರೀಸು ಒಣಗಿ ಪಿನ್ನುಗಳು ಸೀಳುಗಳಲ್ಲಿ ಬಿಗಿದಿದ್ದರೆ, ಏರಿನ ಭಾರವನ್ನು ಅರಿತು ಗೇರನ್ನು ಇಳಿಸುವ ಶಕ್ತಿ ಆ ರಾಟೆಗೆ ಉಳಿದಿರುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ, ದಿನವೂ ಏರುದಾರಿಯಲ್ಲಿಯೇ ಓಡುವ ಗಾಡಿಗೆ ಬಲ ಸಾಲದೆನಿಸಿದರೆ ಮಾತ್ರ ರೋಲರಿನ ತೂಕದ ವಿಚಾರಕ್ಕೆ ಬರಬೇಕು. ಕೇಂದ್ರಾಪಗಾಮಿ ಬಲ ತೂಕಕ್ಕೆ ನೇರ ಅನುಪಾತದಲ್ಲಿಯೂ ಸುತ್ತಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದ್ದರಿಂದ 10 ಗ್ರಾಮಿನ ರೋಲರಿನ ಬದಲು 9 ಗ್ರಾಮಿನದನ್ನು ಹಾಕಿದರೆ ಅದೇ ಒತ್ತುಬಲಕ್ಕೆ ಸುತ್ತು ಹತ್ತರ ಬದಲು ಒಂಬತ್ತರ ವರ್ಗಮೂಲಗಳ ಪ್ರಮಾಣದಲ್ಲಿ ಏರಬೇಕು. ಅಂದರೆ ಸುಮಾರು ಶೇಕಡಾ 5ರಷ್ಟು. 5,500 ಸುತ್ತಿನಲ್ಲಿ ನಿಲ್ಲುತ್ತಿದ್ದ ಎಂಜಿನ್ 5,800ರ ಸಮೀಪ ನಿಲ್ಲುತ್ತದೆ. ಏರಿನಲ್ಲಿ ಉಸಿರು ಉಳಿಯುತ್ತದೆ. ಆದರೆ ಇದಕ್ಕೆ ಬೆಲೆ ತೆರಬೇಕು. ಸಮತಟ್ಟಿನಲ್ಲಿಯೂ ಎಂಜಿನ್ ಹೆಚ್ಚು ಸುತ್ತು ತಿರುಗಿ ಪೆಟ್ರೋಲ್ ಖರ್ಚು ಹೆಚ್ಚುತ್ತದೆ. ಅತಿಯಾಗಿ ಹಗುರವಾದ ರೋಲರನ್ನು ಹಾಕಿದರೆ ಗಾಡಿ ಕಿರುಚುತ್ತದೆಯೇ ಹೊರತು ಓಡುವುದಿಲ್ಲ. ಬಿಗಿಯಾದ ಹಿಂದಿನ ಸ್ಪ್ರಿಂಗೂ ಹಾಗೆಯೇ. ಸುತ್ತನ್ನು ಎತ್ತಿ ಹಿಡಿಯುವುದರ ಜೊತೆಗೆ ಬೆಲ್ಟನ್ನು ಹೆಚ್ಚಾಗಿ ಹಿಂಡಿ ಕಾಯಿಸುತ್ತದೆ. ತಯಾರಕರು ನಿಗದಿಪಡಿಸಿದ ತೂಕ ಸಾಮಾನ್ಯ ರಸ್ತೆಗೆ ಸಲ್ಲುವ ರಾಜಿ. ಅದನ್ನು ಬದಲಿಸುವವರು ವಾರಂಟಿಯ ನಿಯಮಗಳನ್ನು ಕೇಳಿ ತಿಳಿದು, ಅಲ್ಪಸ್ವಲ್ಪ ಮಾತ್ರ ಬದಲಿಸಬೇಕು. ಹಿಂಬದಿಯ ಹಲ್ಲುಗೇರನ್ನು ಮುಟ್ಟದಿರುವುದೇ ಕ್ಷೇಮ.

ಈ ಕೆಲಸದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿ ಬೆಲ್ಟಿನ ಬಳಿ ಬೆರಳು ತರಬಾರದು; ಹರಿದ ಬೆಲ್ಟು ಚಾಟಿಯಂತೆ ಬಡಿಯಬಲ್ಲದು. ಕ್ಲಚ್ಚಿನ ಧೂಳನ್ನು ಬಾಯಿಂದ ಊದಬಾರದು. ಅದು ಶ್ವಾಸಕೋಶಕ್ಕೆ ಹಾನಿಕರ. ತಟ್ಟೆಗಳ ಮುಖಕ್ಕೆ ಎಣ್ಣೆ-ಗ್ರೀಸುಗಳ ಸೋಂಕು ತಗುಲಬಾರದು. ತಗುಲಿದರೆ ಹೊಸ ಬೆಲ್ಟೂ ಜಾರುತ್ತದೆ.

ಇಳಿಜಾರಿನ ಅಪಾಯ

ಏರಿನ ವಿಚಾರವಾಯಿತು. ಇನ್ನು ಇಳಿಜಾರಿನ ವಿಚಾರ. ಇದು ಪ್ರಾಣಕ್ಕೆ ಸಂಬಂಧಿಸಿದುದಾದ್ದರಿಂದ ವಾಚಕರು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ಗೇರಿನ ವಾಹನದಲ್ಲಿ ಕೆಳಗೇರು ಹಾಕಿ ಇಳಿದರೆ ಎಂಜಿನ್ ತಾನೇ ಬ್ರೇಕಿನಂತೆ ತಡೆಯುತ್ತದೆ. ಸ್ವಯಂಚಾಲಿತ ಸ್ಕೂಟರಿನಲ್ಲಿ ಈ ತಡೆ ಕ್ಲಚ್ ಶೂಗಳು ಡ್ರಮ್ಮನ್ನು ಹಿಡಿದಿರುವವರೆಗೆ ಮಾತ್ರ ಇರುತ್ತದೆ. ಬೆಟ್ಟದ ತುದಿಯಲ್ಲಿ ನಿಂತ ಗಾಡಿಯನ್ನು ಆಕ್ಸಿಲರೇಟರ್ ಕೊಡದೆ ಹಾಗೆಯೇ ಉರುಳಬಿಟ್ಟರೆ ಶೂಗಳು ಒಳಗೇ ಮುದುಡಿಕೊಂಡಿರುತ್ತವೆ. ಎಂಜಿನಿಗೂ ಗಾಲಿಗೂ ಸಂಬಂಧವೇ ಇರುವುದಿಲ್ಲ. ವೇಗ ಎಷ್ಟೇ ಏರಿದರೂ ಆ ಸಂಬಂಧ ತಾನಾಗಿ ಕೂಡಿಕೊಳ್ಳುವುದಿಲ್ಲ. ಗಾಡಿಯ ಸಮಸ್ತ ಭಾರವೂ ಬ್ರೇಕುಗಳ ಮೇಲೆಯೇ ಬೀಳುತ್ತದೆ. ದೀರ್ಘವಾದ ಇಳಿಜಾರಿನಲ್ಲಿ ಬ್ರೇಕು ಕಾದರೆ ಅದರ ಹಿಡಿತ ಕುಗ್ಗುತ್ತದೆ. ಪೆಟ್ರೋಲ್ ಉಳಿಸುವ ಆಸೆಯಿಂದ ಎಂಜಿನ್ ಆರಿಸಿ ಇಳಿಯುವವರು ತಿಳಿಯದೆ ಇದೇ ಸ್ಥಿತಿಯನ್ನು ತಂದುಕೊಳ್ಳುತ್ತಾರೆ.

ಇದಕ್ಕೆ ಉಪಾಯ ಸರಳವಾದುದು. ಇಳಿಯುವ ಮೊದಲು ಎಂಜಿನ್ ಚಾಲೂ ಇರಬೇಕು. ಇಳಿಜಾರಿನ ಆರಂಭದಲ್ಲಿ ಆಕ್ಸಿಲರೇಟರನ್ನು ಒಂದಿಷ್ಟು ತಿರುವಿ ಕ್ಲಚ್ಚು ಹಿಡಿದುದನ್ನು ಖಚಿತಪಡಿಸಿಕೊಂಡು, ಆಮೇಲೆ ಬಿಡಬೇಕು. ಆಗ ರೋಲರುಗಳು ಒಳಕ್ಕೆ ಮರಳಿ, ಹಿಂದಿನ ಸ್ಪ್ರಿಂಗು ಬೆಲ್ಟನ್ನು ಕೆಳಗೇರಿಗೆ ತಂದು, ಎಂಜಿನ್ ಗಾಡಿಯನ್ನು ತಡೆಹಿಡಿಯುತ್ತದೆ. ವೇಗ ತೀರ ಇಳಿದು ಹಿಡಿತ ಬಿಟ್ಟಂತೆ ಕಂಡರೆ ಮತ್ತೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿಸಬೇಕು. ಹಿಂದುಮುಂದಿನ ಬ್ರೇಕುಗಳೆರಡನ್ನೂ ಒಟ್ಟಿಗೆ, ಬಿಟ್ಟುಬಿಟ್ಟು ಬಳಸಬೇಕು. ಹೊಸದಾಗಿ ಸವಾರಿ ಕಲಿಯುವ ಮಕ್ಕಳಿಗೆ ಹಿರಿಯರು ಮೊದಲು ಹೇಳಿಕೊಡಬೇಕಾದ ಮಾತು ಇದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಉಪಸಂಹಾರ

ವಿದ್ಯುತ್ ಸ್ಕೂಟರುಗಳು ಈಗ ನಮ್ಮ ಊರುಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ವಿದ್ಯುತ್ ಮೋಟಾರು ನಿಂತ ನಿಲುವಿನಲ್ಲಿಯೇ ಬಲ ಕೊಡಬಲ್ಲದು. ಅದಕ್ಕೆ ಈ ಬೆಲ್ಟು-ರೋಲರುಗಳ ಹಂಗಿಲ್ಲ. ಆದರೂ ಪೆಟ್ರೋಲ್ ಸ್ಕೂಟರುಗಳು ಇನ್ನೂ ಬಹುಕಾಲ ನಮ್ಮ ಹಳ್ಳಿಗಳ ಹೊರೆಯನ್ನು ಹೊರಲಿವೆ. ಮೇಲಾಗಿ, ಬಲವನ್ನು ವೇಗಕ್ಕೂ ವೇಗವನ್ನು ಬಲಕ್ಕೂ ವಿನಿಮಯ ಮಾಡುವ ಈ ತತ್ತ್ವ ಹಳತಾಗುವಂಥದಲ್ಲ.

ಕೊನೆಯಲ್ಲಿ ಉಪಾಧ್ಯಾಯ ಬಂಧುಗಳಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ, ದಾನಿಗಳಲ್ಲಿಯೂ ಒಂದು ಸಣ್ಣ ಬಿನ್ನಹ. ಗ್ಯಾರೇಜುಗಳಲ್ಲಿ ಸವೆದ ಬೆಲ್ಟು, ಚಪ್ಪಟೆಯಾದ ರೋಲರು, ಹಳೆಯ ಶಂಕುತಟ್ಟೆಗಳು ಗುಜರಿಯ ಪಾಲಾಗುತ್ತಿವೆ. ಅಂತಹ ಒಂದು ಜೋಡಣೆಯನ್ನು ಹಲಗೆಯ ಮೇಲೆ ಕೂರಿಸಿ, ಕೈಯಿಂದ ತಿರುಗಿಸುವ ಹಿಡಿ ಹಾಕಿ ಶಾಲೆಯ ಪ್ರಯೋಗಾಲಯದಲ್ಲಿಟ್ಟರೆ ತಗಲುವ ವೆಚ್ಚ ಅತ್ಯಲ್ಪ. ತಟ್ಟೆಗಳನ್ನು ಕೈಯಿಂದ ಹತ್ತಿರ-ದೂರ ಸರಿಸಿದಾಗ ಹಿಡಿಯ ಒಂದು ಸುತ್ತಿಗೆ ಹಿಂದಿನ ರಾಟೆ ಎಷ್ಟು ಸುತ್ತು ತಿರುಗಿತೆಂಬುದನ್ನು ಮಕ್ಕಳು ಎಣಿಸಲಿ. ರೋಲರುಗಳನ್ನು ತಕ್ಕಡಿಯಲ್ಲಿ ತೂಗಿ ವರ್ಗಮೂಲದ ಲೆಕ್ಕ ಮಾಡಲಿ. ಪುಸ್ತಕದಲ್ಲಿ ಒಣಗಿದಂತೆ ತೋರುವ ಕೇಂದ್ರಾಪಗಾಮಿ ಬಲ, ತಂದೆಯ ಗಾಡಿಯನ್ನು ಹೊಲದ ಏರಿಗೆ ಹತ್ತಿಸುವ ಬಲವೇ ಎಂಬುದು ಅವರಿಗೆ ಆಗ ಮನದಟ್ಟಾಗುತ್ತದೆ. ಹಾಗೆ ಕಲಿತ ಮಗು ನಾಳೆ ಗ್ಯಾರೇಜಿನ ಮುಂದೆ ನಿಂತಾಗ ಏನನ್ನು ಬದಲಿಸಬೇಕು, ಏನನ್ನು ಬದಲಿಸಬಾರದು ಎಂದು ಕೇಳಬಲ್ಲದು. ಇಳಿಜಾರಿನ ತುದಿಯಲ್ಲಿ ನಿಂತಾಗ ಎಂಜಿನನ್ನು ಆರಿಸದೆ ಇರಬಲ್ಲದು.